ಅರ್ಧ ಎತ್ತರದ ಕಾರ್ಡು

ಬ್ಯಾಂಕಿನವರು ಹರಾಜಿಗಿಟ್ಟಾಗ ತಂದ ಡಬ್ಬಿ ಇದು.
ಹನ್ನೊಂದು ವರ್ಷ ಆತು. ಬೆನ್ನ ಮ್ಯಾಲ ಇನ್ನೂ
ಅವರ ಆಸ್ತಿ ನಂಬರಿನ ಚೀಟಿ,
ಉಗುರಿಲೆ ಕೆರದರೂ ಹೋಗವಲ್ದು.
ಒಂದು ಕಾಲಕ್ಕ ಊರವರ ಪಾಸ್‌ಬುಕ್ಕು ಎಣಸ್ತಿತ್ತು,
ಈಗ ಶಹಾಬಜಾರ ನಾಕಾದ ನನ್ನ ಅಂಗಡ್ಯಾಗ
ಸತ್ತವರ ಮುಖ ತಿಕ್ಕಿ ಬೆಳಗತದ.

ಕೆಲಸ ಅಂದ್ರ ಇಷ್ಟ:
ಮದಿವಿ ಗುಂಪಿನ ಫೋಟೋದಾಗಿಂದ ಒಬ್ಬನ್ನ ಕತ್ತರಿಸಿ ತಗೀಬೇಕು,
ಪಕ್ಕದವರ ಕೈ ಹೆಗಲ ಮ್ಯಾಲಿಂದ ಅಳಸಬೇಕು,
ಕೋಟು ತೊಡಸಬೇಕು, ಹಿಂದ ನೀಲಿ ಬಣ್ಣ.
ಮಸಕು ಕಣ್ಣು ತಿಳಿ ಮಾಡೋ ಸಾಫ್ಟ್‌ವೇರು
ಮೊನ್ನೆ ಹಾಕಿದೆ. ಅದು ಕೇಳ್ತದ:
ನಾಕು ಜಿಬಿ ಕಾರ್ಡ್ ಎಲ್ಲದ?

ಸೂಪರ್ ಮಾರ್ಕೆಟ್ಟಿನ ಜಿಲಾನಿ
ಗಾಜಿನ ಮ್ಯಾಲ ಮೂರು ಇಟ್ಟ.
ಒಂದು ಜೋಡಿ ಫ್ಯಾನಿಂದು, ಹೈದರಾಬಾದದಿಂದ ಬಂದದ್ದು,
ಒಗದ ಬೆಲಿ.
"ಕಾಯಿನ್ ಅಗೀಲಿಕ್ಕ ಹಚ್ಚಿದ್ರಕ್ಕ, ಹಗಲೂ ರಾತ್ರಿ.
ಸುಳ್ಳ ಯಾಕ ಹೇಳಲಿ."
ಮೂಸಿ ನೋಡಿದೆ. ಹತ್ತಿದ ಒಗ್ಗರಣಿ ವಾಸನಿ.

ಇನ್ನೊಂದು ಹೊಸಾದು, ಖೋಕಿ ಮ್ಯಾಲ ಬೆಂಕಿ ಉಗಳೋ ರಾಕ್ಷಸ.
ಎರಡು ತಿಂಗಳ ಅಂಗಡಿ ಬಾಡಗಿ ಅದಕ್ಕ,
ಮ್ಯಾಲ ಆರು ಪಿನ್ನಿನ ಕರೆಂಟು ಬ್ಯಾರೆ ಕೊಡಬೇಕು.
"ನಿಮ್ಮ ಡಬ್ಬ್ಯಾಗ ಆ ವೈರ್ ಇಲ್ಲಕ್ಕ.
ಎರಡುನೂರಾ ನಲವತ್ತು ವ್ಯಾಟ್,
ಅಷ್ಟರಾಗ ಮನಿ ಮಂದೆಲ್ಲಾ ಉಣಬೇಕು."

ಮೂರನೇದು ಕುಳ್ಳ. ಅರ್ಧ ಎತ್ತರ, ಒಂದೇ ಫ್ಯಾನು,
ಸ್ಲಾಟು ಕೊಟ್ಟ ಎಪ್ಪತ್ತೈದು ವ್ಯಾಟಿನಾಗ ಸಂಸಾರ ಮಾಡೂವಂಥಾದು.
ಮುಚ್ಚಿದ ಲ್ಯಾಬಿಂದು. ಒಂದು ಮೂಲಿ ತುಸು ಬಾಗ್ಯದ.

ಅಣ್ಣನ ಮಗ ಶ್ರೀಮಂತಗ ರಾಕ್ಷಸನೇ ಬೇಕು:
"ಅತ್ತಿ, ಅದರಾಗ ಗೇಮ್ ಎಷ್ಟ್ ಛಂದ ಓಡ್ತಾವ!"
ನಾ ಬರೋಮುಂದ ಡಬ್ಬಿ ಬಿಚ್ಚಿ ಗೇಣು ಹಾಕಿ ಬಂದಿದ್ದೆ:
ಒಂದು ಗೇಣಿಗೆ ಎರಡು ಬೆರಳು ಕಡಿಮಿ.
ರಾಕ್ಷಸನ ಮ್ಯಾಲ ಕೈ ಚಾಚಿದೆ,
ಹೆಬ್ಬೆರಳು ಕಿರಿಬೆರಳು ಎರಡೂ ಮುಗದು ಇನ್ನೂ ಉಳೀತು.
ಹುಡುಗ ನನ್ನ ಕೈ ನೋಡಿದ, ಡಬ್ಬಿ ನೋಡಿದ,
ಹೊರಗ ಹೋಗಿ ಸೋಡಾ ಕುಡದು ಬಂದ.

ಸೈಕಲ್ ಪಂಪಿನಿಂದ ಊದಿದೆ.
ಹೊರಗ ಬಂದದ್ದು ಬರೇ ಧೂಳಲ್ಲ:
ದಾಲ್ ಮಿಲ್ಲಿನ ತೊಗರಿ ಹೊಟ್ಟು, ಫರಸಿ ಕೊರಿಯೋರ ಬಿಳಿ ಹಿಟ್ಟು,
ಒಂದು ಸಣ್ಣ ಹಲ್ಲಿ, ಕಾಗದಾಗಿ ಹೋದದ್ದು.
ಎರಡು ಸ್ಕ್ರೂ ತಿರುವಿ ಕುಳ್ಳನ್ನ ಕೂಡಿಸಿದೆ.
ಟಕ್ ಅಂತು.
ನಲವತ್ಮೂರು ಡಿಗ್ರಿ ಬಿಸಲು. ಡಬ್ಬಿ ಬಾಯಿ ಮುಚ್ಚಲಿಲ್ಲ,
ನನಗಂತ ಇದ್ದ ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿದೆ.

ಪೈಲಾ ಗಿರಾಕಿ ಕಸ್ತೂರಬಾಯಿ.
ಹೋದ ತಿಂಗಳು ಬಂದಾಗ ಹಳೇ ಡಬ್ಬಿ
ಹನ್ನೊಂದು ನಿಮಿಷ ಹಸರು ಪಟ್ಟಿ ತೆವಳಿಸಿ, ಕಡೀಗೆ
ಜಾಗಾ ಸಾಲ್ದು ಅಂತ ಬಿದ್ದುಬಿಟ್ಟಿತ್ತು.
ಆ ಹನ್ನೊಂದು ನಿಮಿಷದಾಗ ಆಕಿ ಹೇಳಿದ್ದಳು:
ಗಂಡ ರೈಲಿನಾಗ ಚಹಾ ಮಾರಾಂವ,
ನಿದ್ದ್ಯಾಗೂ ಸ್ಟೇಷನ್ನು ಒದರಾಂವ:
ವಾಡಿ... ಶಹಾಬಾದ... ಮರತೂರ...
ಎಂದೂ ಊರಿನ ತನಕ ಬರಲಿಲ್ಲ, ಮರತೂರಿನಾಗೇ ಗೊರಕಿ.

ಇವತ್ತು ಒತ್ತಿದೆ. ಕುಳ್ಳ ಒಮ್ಮೆ ಗುಂಯ್ ಅಂದ.
ಇಪ್ಪತ್ತು ಸೆಕೆಂಡು.
ಹುಬ್ಬು ಬಂತು, ರೆಪ್ಪಿ ಬಂತು, ಎಡಗಣ್ಣಿನ ಕೆಳಗ
ಕುದಿ ನೀರು ಸಿಡಿದ ಕಲಿ ಬಂತು.
"ಆತೇನು? ಇಷ್ಟ ಲಗೂನ?" ಅಂದಳು.
ಕುರ್ಚಿ ಈಗಷ್ಟೇ ಎಳಕೊಂಡಿದ್ದಳು ಪಾಪ,
ಕೈಯ್ಯಾಗಿನ ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ.

ಕೆಲಸ ಮುಗದಿತ್ತು. ಖರೆ ಹೇಳಬೇಕಂದ್ರ
ಕಿವಿ, ಕಾಲರ್, ಎಲ್ಲಾ ಛಲೋ ಬಂದಿತ್ತು.
"ಇಲ್ಲಬೇ, ಕಿವಿ ಹತ್ರ ತುಸು ಅದ," ಅಂದೆ,
ಮತ್ತ ಮೊದಲಿಂದ ಒತ್ತಿದೆ.
ಒಂದಲ್ಲ, ನಾಕು ಸರ್ತಿ.
"ಚೀಲ ಇಡ್ರಿ. ಹೇಳ್ರಿ,
ಮರತೂರ ದಾಟಿದ ಮ್ಯಾಲ?"